ಹೈಫಿ

ನಮ್ಮ ಮುತ್ತಾತನ ಜಟಕಾ ಕುದುರೆಯ ಹೆಸರು ಹೈಫಿ. ಒಂದು ಸತ್ತ ಮೇಲೆ ಇನ್ನೊಂದು ಎಂದು ಒಟ್ಟು ಮೂರು ಕುದುರೆ ಕಟ್ಟಿದನಂತೆ. ಮೂರಕ್ಕೂ ಅದೇ ಹೆಸರು. ಮಗುವಿಗೆ ಹೆಸರಿಡುವಾಗ ಅರ್ಥ ಏನು, ಯಾರ ಹೆಸರು ಎಂದು ಹತ್ತು ಜನ ಕೇಳುತ್ತಾರೆ. ಕುದುರೆಯ ಹೆಸರನ್ನು ಯಾರು ಕೇಳುತ್ತಾರೆ? ರಾಣಿ, ಬಿಜಲಿ, ಚಾಂದನಿ ಇದ್ದ ಹಾಗೆ ಇದೂ ಒಂದು ಎಂದು ಮನೆಯವರೆಲ್ಲ ಸುಮ್ಮನಿದ್ದರು.

2017ರ ಜುಲೈ ತಿಂಗಳ ಒಂದು ಸಂಜೆ ದೊಡ್ಡಪ್ಪ ಟೀವಿ ನೋಡುತ್ತಿದ್ದರು. ಪ್ರಧಾನಿ ಇಸ್ರೇಲಿಗೆ ಹೋಗಿದ್ದ ದಿನಗಳು. ಹೈಫಾ ಎಂಬ ಊರಿನಲ್ಲಿ ಭಾರತೀಯ ಸೈನಿಕರ ಸ್ಮಶಾನಕ್ಕೆ ಹೋಗಿ ಅವರು ಗೌರವ ಸಲ್ಲಿಸಿದ್ದನ್ನು ತೋರಿಸಿದರು. 1918ರಲ್ಲಿ ಆ ಊರನ್ನು ತುರ್ಕರ ಕೈಯಿಂದ ಕಿತ್ತುಕೊಂಡವರು ಜೋಧಪುರದ ಮತ್ತು ಮೈಸೂರಿನ ಕುದುರೆ ಸವಾರರು ಎಂದು ವರದಿಗಾರ ಹೇಳಿದ. ಎಪ್ಪತ್ತಮೂರು ವರ್ಷದ ದೊಡ್ಡಪ್ಪ ಕುರ್ಚಿ ಬಿಟ್ಟು ಎದ್ದು ನಿಂತರಂತೆ. ಹತ್ತು ನಿಮಿಷದಲ್ಲಿ ನನಗೆ ಫೋನು ಬಂತು.

"ಹೈಫಿ ಅಂದ್ರೆ ಕುದುರೆ ಅಲ್ಲ ಕಣಮ್ಮಾ. ಊರು!"

ಮುತ್ತಾತ ಮೈಸೂರು ಮಹಾರಾಜರ ರಿಸಾಲದಲ್ಲಿದ್ದ, ದೊಡ್ಡ ಯುದ್ಧಕ್ಕೆ ಹೋಗಿ ಬಂದ ಎಂಬಷ್ಟು ಎಲ್ಲರಿಗೂ ಗೊತ್ತಿತ್ತು. ನಮ್ಮದು ಬೆಂಗಳೂರಿನ ಹಳೆಯ ಮರಾಠಾ ಮನೆ. ಮನೆಯೊಳಗೆ ಮರಾಠಿ, ಬೀದಿಯಲ್ಲಿ ಕನ್ನಡ, ರಿಸಾಲದಲ್ಲಿ ಉರ್ದು. ಮುತ್ತಾತ ಮೂರನ್ನೂ ಕಲಸಿ ಮಾತಾಡುತ್ತಿದ್ದನಂತೆ. ಯುದ್ಧ ಎಲ್ಲಾಯಿತು ಎಂದರೆ "ಮಿಸರ್ ದೇಶದಲ್ಲಿ" ಎನ್ನುತ್ತಿದ್ದ. ಏನು ಮಾಡಿದೆ ಎಂದರೆ "ಕುದುರೆಗೆ ನೀರು ಕುಡಿಸಿದೆ" ಎನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ಅವನು ಹೇಳದೆ ಬಿಟ್ಟದ್ದನ್ನು ಮನೆಯವರು ತುಂಬಿಕೊಂಡರು. ಒಂದೊಂದು ಮದುವೆ ಮಾತುಕತೆಯಲ್ಲೂ ಅವನ ದರ್ಜೆ ಒಂದೊಂದು ಮೆಟ್ಟಿಲು ಏರಿ, ನಾನು ದೊಡ್ಡವಳಾಗುವ ಹೊತ್ತಿಗೆ ಮುತ್ತಾತ ರಿಸಾಲ್ದಾರನಾಗಿದ್ದ.

ಫೋನು ಬಂದ ಮರುದಿನವೇ ದೊಡ್ಡಪ್ಪನ ಮನೆಗೆ ಹೋದೆ. ಅವರು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ ತೆಗೆದಿಟ್ಟುಕೊಂಡು ಕಾಯುತ್ತಿದ್ದರು. ಅದರೊಳಗೆ ಒಂದು ಕಂಚಿನ ನಕ್ಷತ್ರ: ಅಡ್ಡಡ್ಡ ಎರಡು ಕತ್ತಿ, ಮೇಲೊಂದು ಕಿರೀಟ, ನಡುವೆ ಪಟ್ಟಿಯ ಮೇಲೆ 1914–15. ಮಹಾಯುದ್ಧದ ಮೊದಲೆರಡು ವರ್ಷದೊಳಗೆ ರಣಭೂಮಿಗೆ ಹೋದವರಿಗೆ ಕೊಟ್ಟ ಪದಕ ಅದು. ಇಂಥವರಿಗೆ ಸಾಮಾನ್ಯವಾಗಿ ಮೂರು ಪದಕ ಬರುತ್ತಿದ್ದವು. ರೆಕ್ಕೆಯ ಹೆಂಗಸಿದ್ದ ಕಂಚಿನದು ಮಕ್ಕಳ ಆಟದಲ್ಲಿ ಕಳೆದುಹೋಯಿತು. ಬೆಳ್ಳಿಯದು, ದೊಡ್ಡಪ್ಪನ ಮಾತಿನಲ್ಲಿ, "ಕಷ್ಟಕಾಲದಲ್ಲಿ ಮಾರ್ವಾಡಿ ಅಂಗಡಿ ಸೇರ್ತು." ಆ ಬೆಳ್ಳಿ ಬಿಲ್ಲೆಯ ಒಂದು ಬದಿಗೆ ಐದನೇ ಜಾರ್ಜ್ ದೊರೆ, ಇನ್ನೊಂದು ಬದಿಗೆ ಕುದುರೆಯೇರಿದ ಬೆತ್ತಲೆ ಮನುಷ್ಯ. ಮುತ್ತಜ್ಜಿ ಅದನ್ನು "ಬಟ್ಟೆ ಇಲ್ಲದ ಸವಾರ" ಎಂದು ಕರೆಯುತ್ತಿದ್ದಳಂತೆ. ಇಷ್ಟೆಲ್ಲ ಯುದ್ಧ ಮಾಡಿ ಗೆದ್ದ ಸರ್ಕಾರಕ್ಕೆ ಅವನಿಗೊಂದು ಚಡ್ಡಿ ಹೊಲಿಸುವ ಯೋಗ್ಯತೆ ಇರಲಿಲ್ಲವೇ ಎಂಬುದು ಅವಳ ಪ್ರಶ್ನೆ.

ನಕ್ಷತ್ರದ ಹಿಂಬದಿ ನುಣುಪು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಸಣ್ಣ ಅಕ್ಷರ ಕಂಡವು: ಒಂದು ನಂಬರು, ಮುತ್ತಾತನ ಹೆಸರನ್ನು ಯಾರೋ ಇಂಗ್ಲಿಷಿನಲ್ಲಿ ಕಿವಿಗೆ ಬಿದ್ದಂತೆ ಬರೆದದ್ದು, ಮೈಸೂರು ಲ್ಯಾನ್ಸರ್ಸ್. ಹೆಸರಿಗೆ ಮುಂಚೆ ದರ್ಜೆ: ಸವಾರ್.

"ರಿಸಾಲ್ದಾರ್ ಅಲ್ವಲ್ಲ, ದೊಡ್ಡಪ್ಪ" ಎಂದೆ.

"ಆಮೇಲೆ ಪ್ರಮೋಶನ್ ಆಗಿರಬಹುದು" ಎಂದು ಅವರು ನಕ್ಷತ್ರವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

* * *

ಜಯಚಾಮರಾಜೇಂದ್ರ ನಗರದಲ್ಲಿ, ಮುನಿರೆಡ್ಡಿಪಾಳ್ಯದ ಹತ್ತಿರ, ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಆ ಸುತ್ತಿನಲ್ಲೇ ರಿಸಾಲದ ಲೈನುಗಳಿದ್ದವು. ಈಗ ಅಲ್ಲಿ ಬಸ್ಸು, ಆಟೋ, ಹೂವಿನ ಗಾಡಿ. ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದರೂ ಆ ಕಂಬ ಯಾವುದೋ ದೊರೆಯದ್ದಿರಬೇಕು ಎಂದುಕೊಂಡಿದ್ದೆ. ದೊಡ್ಡಪ್ಪ ಕನ್ನಡಕ ಏರಿಸಿ, ಬೆರಳನ್ನು ಕಲ್ಲಿನ ಮೇಲೆ ಸಾಲಿನಿಂದ ಸಾಲಿಗೆ ಇಳಿಸುತ್ತಾ ಹೆಸರುಗಳನ್ನು ಓದಿದರು. ಮುತ್ತಾತನ ಹೆಸರಿರಲಿಲ್ಲ. ನನಗೆ ಪಿಚ್ಚೆನಿಸಿತು.

"ಸದ್ಯ!" ಎಂದರು ದೊಡ್ಡಪ್ಪ. "ಇಲ್ಲಿರೋರೆಲ್ಲ ಅಲ್ಲೇ ಹೋದೋರು. ಇವರ ಹೆಸರು ಇಲ್ಲಿದ್ದಿದ್ರೆ ಓದೋಕೆ ನಾವೆಲ್ಲಿರ್ತಿದ್ವಿ?"

ಸರಿಯಾದ ಮಾತು. ಆದರೆ ಅಂದಿನಿಂದ ಒಂದು ತೊಡಕು ಶುರುವಾಯಿತು. ಸತ್ತವನನ್ನು ಹುಡುಕಬೇಕಾದರೆ ಕಲ್ಲುಗಳಿವೆ. ಬದುಕಿ ಬಂದು, ಜಟಕಾ ಹೊಡೆದು, ಮಕ್ಕಳನ್ನು ಸಾಕಿ, 1952ರಲ್ಲಿ ಹಾಸಿಗೆಯಲ್ಲಿ ಕಣ್ಣುಮುಚ್ಚಿದವನನ್ನು ಎಲ್ಲಿ ಹುಡುಕುವುದು?

ರಿಸಾಲದ ಕತೆ ಪುಸ್ತಕಗಳಲ್ಲಿ ಸಿಗುತ್ತದೆ. ದೇಶೀ ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಸಾಕಿ, ಬೇಕೆಂದಾಗ ಬ್ರಿಟಿಷ್ ಸಾಮ್ರಾಜ್ಯಕ್ಕೆ ಒಪ್ಪಿಸಬೇಕಾಗಿದ್ದ ಪಡೆಗಳಲ್ಲಿ ಇದೂ ಒಂದು. 1914ರಲ್ಲಿ ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು, ಲ್ಯಾನ್ಸರ್ಸ್ ಪಡೆಯನ್ನೂ ಕೊಟ್ಟರು. ಅಕ್ಟೋಬರಿನಲ್ಲಿ ರಿಸಾಲ ಬೆಂಗಳೂರು ಬಿಟ್ಟು ಹಡಗಿನಲ್ಲಿ ಸೂಯೆಜ್ ತಲುಪಿತು. ಹೈದರಾಬಾದಿನ ಸವಾರರ ಜೊತೆ ಇವರನ್ನೂ ಸೇರಿಸಿ ಕಟ್ಟಿದ ಬ್ರಿಗೇಡಿಗೆ 15ನೆಯ ನಂಬರು. ಕೊನೆಯ ವರ್ಷ ಫ್ರಾನ್ಸಿನಿಂದ ಜೋಧಪುರದವರು ಬಂದು ಕೂಡಿಕೊಂಡರು. ಮೊದಲು ಕಾಲುವೆ ಕಾವಲು, ಆಮೇಲೆ ಸೈನಾಯ್ ಮರಳು, ಗಾಜಾ, ಪ್ಯಾಲೆಸ್ಟೈನ್. ಆ ಮರುಭೂಮಿಯಲ್ಲಿ ಸೈನ್ಯ ಮುಂದೆ ಸಾಗಿದ್ದು ಅದರ ಹಿಂದೆಯೇ ನೈಲ್ ನದಿಯ ನೀರನ್ನು ಹೊತ್ತ ಕೊಳವೆ ಸಾಗಿದ್ದರಿಂದ. "ಕುದುರೆಗೆ ನೀರು ಕುಡಿಸಿದೆ" ಎಂದಾಗ ಮುತ್ತಾತ ಮಾತು ಮರೆಸುತ್ತಿರಲಿಲ್ಲ ಎಂದು ನನಗೆ ಹೊಳೆದದ್ದು ಇದನ್ನು ಓದಿದಾಗ. ಆ ಯುದ್ಧದ ಸಾರಾಂಶವನ್ನೇ ಹೇಳುತ್ತಿದ್ದ.

ಕುದುರೆ ನೀರು ಕುಡಿಯುವಾಗ ಅದರ ಗಂಟಲ ಮೇಲೆ ಕೈಯಿಟ್ಟು ಗುಟುಕು ಎಣಿಸುತ್ತಿದ್ದನಂತೆ. ಲೆಕ್ಕ ಕಡಿಮೆಯಾದರೆ ಗಾಡಿ ಕಟ್ಟುತ್ತಿರಲಿಲ್ಲ. ಬಾಡಿಗೆ ಹೋದರೂ ಸರಿ, ಕುದುರೆಯ ಹುರುಳಿ ಮುಗಿಯುವವರೆಗೆ ತಾನು ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ಎಂಟು ವರ್ಷದ ಹುಡುಗನಾಗಿ ಇದನ್ನು ನೋಡಿದ್ದ ದೊಡ್ಡಪ್ಪ ಕಣ್ಣುಮುಚ್ಚಿ, ಗಾಳಿಯಲ್ಲಿ ಕೈಯಿಟ್ಟು ತೋರಿಸಿದರು.

ಆದರೆ ಓದಿದಷ್ಟೂ ಒಂದು ಪ್ರಶ್ನೆ ಕಾಡತೊಡಗಿತು. ಮುತ್ತಾತ ಹೊರದೇಶದಲ್ಲಿದ್ದದ್ದು ಐದು ವರ್ಷಕ್ಕೂ ಮೇಲೆ. ಸೂಯೆಜ್‌ನಲ್ಲಿ ತಿಂಗಳುಗಟ್ಟಲೆ, ಜೋರ್ಡಾನ್ ಕಣಿವೆಯಲ್ಲಿ ಒಂದು ಬೇಸಿಗೆ. ಕೊನೆಯ ಕಾಳಗ ಅಲೆಪ್ಪೊ ಆಚೆ. ಹೈಫಾದ್ದು ಒಂದೇ ಒಂದು ಮಧ್ಯಾಹ್ನ. ಮೂರು ಕುದುರೆಗೂ ಆ ಊರಿನ ಹೆಸರೇ ಯಾಕೆ?

* * *

2019ರ ಸೆಪ್ಟೆಂಬರಿನಲ್ಲಿ ಹೊರಟೆ. ದೊಡ್ಡಪ್ಪ ಮಂಡಿನೋವಿನ ಕಾರಣ ಬರಲಿಲ್ಲ. "ಅಲ್ಲಿಂದ ಒಂದು ಹಿಡಿ ಮಣ್ಣು ತಾ" ಎಂದರು. ವಿಮಾನ ಹತ್ತಬೇಕಾದದ್ದು ದೆಹಲಿಯಲ್ಲಿ, ಅರ್ಧ ದಿನ ಬಿಡುವಿತ್ತು, ತೀನ್ ಮೂರ್ತಿ ವೃತ್ತಕ್ಕೆ ಹೋಗಿ ನಿಂತೆ. ಲಿಯೊನಾರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿ ಮಾಡಿದ, 1922ರಲ್ಲಿ ನಿಲ್ಲಿಸಿದ ಮೂರು ಕಂಚಿನ ಸೈನಿಕರು ಹೈದರಾಬಾದ್, ಜೋಧಪುರ, ಮೈಸೂರು ಪಡೆಗಳ ಪ್ರತಿನಿಧಿಗಳು. 2018ರಿಂದ ಅದು ತೀನ್ ಮೂರ್ತಿ ಹೈಫಾ ಚೌಕ. ಮೂವರಲ್ಲಿ ನಮ್ಮವನು ಯಾರು ಎಂದು ಒಂದು ಸುತ್ತು ಬಂದೆ, ಗೊತ್ತಾಗಲಿಲ್ಲ. ಗೊತ್ತಾದದ್ದು ಇನ್ನೊಂದು. ಮೂವರೂ ಕುದುರೆ ಸವಾರರು, ಮೂವರೂ ನೆಲದ ಮೇಲೆ ನಿಂತಿದ್ದಾರೆ. ಕುದುರೆ ಇಲ್ಲ.

ಟೆಲ್ ಅವೀವ್‌ನಿಂದ ಹೈಫಾಕ್ಕೆ ಬಹುಪಾಲು ಸಮುದ್ರದ ಪಕ್ಕದಲ್ಲೇ ಓಡುವ ರೈಲು. ಎಡಗಡೆ ನೀಲಿ ನೀರು, ಬಲಗಡೆ ಬಾಳೆತೋಟ. ಎದುರು ಸೀಟಿನಲ್ಲಿ ಇಪ್ಪತ್ತು ದಾಟದ ಹುಡುಗಿಯೊಬ್ಬಳು ಸೈನ್ಯದ ಸಮವಸ್ತ್ರದಲ್ಲಿ, ತೊಡೆಯ ಮೇಲೆ ಬಂದೂಕು ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದಳು. ಕಡೆಗೆ ಕಾರ್ಮೆಲ್ ಬೆಟ್ಟ ಸಮುದ್ರಕ್ಕೆ ಮೂಗು ಚಾಚಿದಂತೆ ಎದ್ದು ನಿಂತಿತು. ಊರು ಆ ಮೂಗಿನ ಮೇಲೂ ಕೆಳಗೂ ಹರಡಿಕೊಂಡಿದೆ. ಬೆಟ್ಟದ ಮೈಮೇಲೆ 19 ಮೆಟ್ಟಿಲ ಬಹಾಯಿ ಉದ್ಯಾನ, ನಡುವೆ ಚಿನ್ನದ ಬಣ್ಣದ ಗುಮ್ಮಟ. ಕೆಳಗೆ ಬಂದರು, ಕ್ರೇನುಗಳು, ದೂರದಲ್ಲಿ ತೈಲ ಶುದ್ಧೀಕರಣದ ಕೊಳವೆಗಳು.

ಮೊದಲ ದಿನ ಯಾಫೊ ರಸ್ತೆಯ ಬದಿಯ ಭಾರತೀಯ ಸ್ಮಶಾನಕ್ಕೆ ಹೋದೆ. ಚಿಕ್ಕ ಜಾಗ, ಅಚ್ಚುಕಟ್ಟಾಗಿ ಕತ್ತರಿಸಿದ ಹುಲ್ಲು. ಹೈಫಾದಲ್ಲಿ ಮಡಿದ ಜೋಧಪುರದ ಮೇಜರ್ ದಲ್ಪತ್ ಸಿಂಗರ ನೆನಪಿಗೆ 2017ರಲ್ಲಿ ಅನಾವರಣಗೊಂಡ ಫಲಕವಿದೆ. ಸುಟ್ಟು ಬೂದಿಯಾದ ಹಿಂದೂ, ಸಿಖ್ಖರಿಗೆ ಗೋರಿಯಿಲ್ಲ. ಅಂಥವರ ಹೆಸರು ಸ್ಮಾರಕದ ಕಲ್ಲುಗಳ ಮೇಲೆ ಮಾತ್ರ. ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಸತ್ತ ಸುಮಾರು 4,000 ಭಾರತೀಯರ ಹೆಸರಿದ್ದ ಸ್ಮಾರಕ ಮೊದಲು ಸೂಯೆಜ್ ಹತ್ತಿರ ಪೋರ್ಟ್ ತೌಫೀಕ್‌ನಲ್ಲಿತ್ತು. ಈಜಿಪ್ಟ್–ಇಸ್ರೇಲ್ ಕದನಗಳಲ್ಲಿ ಅದೂ ಹಾಳಾಗಿ, 1980ರಲ್ಲಿ ಕೈರೋದ ಹೀಲಿಯೊಪೊಲಿಸ್‌ನಲ್ಲಿ ಹೊಸದಾಗಿ ಎದ್ದಿತು. ಒಂದು ಯುದ್ಧದಲ್ಲಿ ಸತ್ತವರ ಹೆಸರನ್ನು ಇನ್ನೊಂದು ಯುದ್ಧ ಒಡೆಯಿತು. ಹೈಫಾದ ಈ ಸ್ಮಶಾನದಲ್ಲೂ ದೊಡ್ಡಪ್ಪನ ಹಾಗೆ ಸಾಲುಸಾಲಾಗಿ ಬೆರಳಿಳಿಸಿದೆ. ಇಲ್ಲ. ಈ ಸಲ ನಾನೂ "ಸದ್ಯ" ಎಂದೆ. ಆದರೆ ಓದಿದ ಹೆಸರಿನವರ ಮನೆಗಳಲ್ಲಿ ಆ ಮಾತು ಹೇಳುವವರು ಯಾರೂ ಉಳಿದಿರಲಾರರು ಎಂಬುದು ಗೇಟು ದಾಟಿದ ಮೇಲೆ ಮನಸ್ಸಿಗೆ ಬಂತು.

ಎರಡನೆಯ ದಿನ ಕಾಳಗ ನಡೆದ ಜಾಗ. ಊರಿನ ಪೂರ್ವ ಬಾಗಿಲಿನಂತಿರುವ ಆ ಕೂಡುರಸ್ತೆಯ ಹೆಸರು ಚೆಕ್ ಪೋಸ್ಟ್. ಹೌದು, ಅತ್ತಿಬೆಲೆಯಲ್ಲಿ ಇದ್ದ ಹಾಗೆ. ಬ್ರಿಟಿಷರ ಕಾಲದ ತಪಾಸಣೆ ಠಾಣೆಯಿಂದ ಉಳಿದ ಹೆಸರು. ಬಸ್ಸಿಳಿದರೆ ಲಾರಿಗಳ ಸದ್ದು, ಟಯರ್ ಅಂಗಡಿಗಳು. ಒಂದು ಕಡೆ ಕಾರ್ಮೆಲ್ ಗೋಡೆಯಂತೆ ಎದ್ದಿದೆ. ಇನ್ನೊಂದು ಕಡೆ ಕಿಶೋನ್ ನದಿ. ಹಳೆಯ ಒಡಂಬಡಿಕೆಯಲ್ಲಿ ಶತ್ರುಸೈನ್ಯವನ್ನೇ ಕೊಚ್ಚಿಕೊಂಡು ಹೋದ ನದಿಯಂತೆ ಅದು. ಕಾರ್ಖಾನೆಗಳ ನಡುವೆ ಅದರ ದಡಕ್ಕೆ ಹೋಗಿ ನಿಂತವಳಿಗೆ ನಮ್ಮ ವೃಷಭಾವತಿಯೇ ನೆನಪಾಯಿತು.

1918ರ ಸೆಪ್ಟೆಂಬರ್ 23ರ ಬೆಳಿಗ್ಗೆ ಈ ಬೆಟ್ಟಕ್ಕೂ ಈ ನದಿಗೂ ನಡುವಿನ ಇಕ್ಕಟ್ಟಿನ ದಾರಿಯೊಂದೇ ಇತ್ತು. ಬೆಟ್ಟದ ಮೇಲೆ ತುರ್ಕರ ತೋಪುಗಳು, ಕೆಳಗೆ ಮಷೀನ್‌ಗನ್ನುಗಳು. ಹಿಂದಿನ ದಿನ ಮೋಟಾರು ಗಾಡಿಗಳಲ್ಲಿ ನುಗ್ಗಲು ನೋಡಿದ ಬ್ರಿಟಿಷ್ ಪಡೆ ವಾಪಸಾಗಿತ್ತು. ಮೈಸೂರಿನ ಒಂದು ಸ್ಕ್ವಾಡ್ರನ್ನನ್ನು ತೋಪು ಹಿಡಿಯಲು ಬೆಟ್ಟದ ಮೇಲೆ ಕಳಿಸಿದರು. ಕುರಿದಾರಿಯಂಥ ಏರಿನಲ್ಲಿ ಕುದುರೆಗಳು ಒಂದೊಂದಾಗಿ ಕುಸಿದವು. ತೋಪಿನ ಮೇಲೆ ಬೀಳುವ ಹೊತ್ತಿಗೆ ಕುದುರೆ ಮೇಲಿದ್ದವರು ಬೆರಳೆಣಿಕೆಯಷ್ಟು ಜನ. ಕೆಳಗೆ ಮಧ್ಯಾಹ್ನ ಎರಡಕ್ಕೆ ಜೋಧಪುರದವರು ನುಗ್ಗಿದರು. ನದಿ ದಾಟಲು ನೋಡಿದರೆ ಮುಂದೆ ಹೋದ ಕುದುರೆಗಳು ಹೂಳಿನಲ್ಲಿ ಹೂತುಹೋದವು. ಎಡಕ್ಕೆ ತಿರುಗಿ ಬೆಟ್ಟದ ತಪ್ಪಲಿನ ಗನ್ನುಗಳ ಮೇಲೆ ಬಿದ್ದು, ದಾರಿ ಬಿಡಿಸಿಕೊಂಡು ಊರೊಳಗೆ ಹೊಕ್ಕರು. ಉಳಿದ ಮೈಸೂರಿನವರು ಗುಂಡಿನ ಆಸರೆ ಕೊಟ್ಟು ಅವರ ಹಿಂದೆಯೇ ಈಟಿ ಹಿಡಿದು ಹೋದರು. ಸಂಜೆಯೊಳಗೆ ಊರು ಕೈಗೆ ಬಂತು: ಸುಮಾರು 1,350 ಸೆರೆಯಾಳುಗಳು, 17 ತೋಪು. ಇತ್ತ ಕಡೆ ಸತ್ತವರು 8, ಗಾಯಗೊಂಡವರು 34. ಕುದುರೆಗಳು ಸತ್ತದ್ದು 60, ಗಾಯಗೊಂಡದ್ದು 83.

ಮನುಷ್ಯರಿಗಿಂತ ಏಳೆಂಟು ಪಟ್ಟು ಕುದುರೆಗಳು. ಆ ದಡದಲ್ಲಿ ನಿಂತು ಈ ಲೆಕ್ಕವನ್ನು ಮತ್ತೆ ಮತ್ತೆ ಹಾಕಿದೆ. ಬದುಕುಳಿದವುಗಳ ಪಾಡೂ ಸುಖದ್ದಲ್ಲ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿತು. 1930ರಲ್ಲಿ ಕೈರೋಗೆ ಬಂದ ಡೊರೊಥಿ ಬ್ರೂಕ್ ಎಂಬಾಕೆ ಎಲುಬು ಹಂದರವಾಗಿ ಗಾಡಿ ಎಳೆಯುತ್ತಿದ್ದ ಆ ಹಳೆಯ ಸೇನಾ ಕುದುರೆಗಳನ್ನು ಕಂಡು, ಅವನ್ನು ಕೊಂಡು ಆರೈಕೆ ಮಾಡಲು 1934ರಲ್ಲಿ ಆಸ್ಪತ್ರೆಯನ್ನೇ ತೆರೆದಳು. ಮುತ್ತಾತನ ಕುದುರೆ ಅಲ್ಲೇ ಉಳಿಯಿತು ಎಂಬಷ್ಟು ಮಾತ್ರ ಮನೆಯ ಮಾತು. ಇಲ್ಲಿ ಬಿತ್ತೋ, ಅಲ್ಲಿ ಗಾಡಿಗೆ ಬಿತ್ತೋ, ಅವನು ಹೇಳಿರಲಿಲ್ಲ.

ಅಂದು ಮುತ್ತಾತ ಎಲ್ಲಿದ್ದ? ಬೆಟ್ಟ ಹತ್ತಿದನೇ, ದಾರಿಯಲ್ಲಿ ನುಗ್ಗಿದನೇ, ಅಥವಾ ಇಳಿದು ಗುಂಡು ಹಾರಿಸುತ್ತಿದ್ದವರ ಕುದುರೆಗಳ ಲಗಾಮು ಹಿಡಿದು ಹಿಂದೆ ನಿಂತಿದ್ದನೇ? ಇಳಿದು ಹೋರಾಡುವಾಗ ಕೆಲವರು ಆ ಕೆಲಸಕ್ಕೆ ನಿಲ್ಲಲೇಬೇಕು. ಜೋರ್ಡಾನ್ ಕಣಿವೆಯ ಬೇಸಿಗೆಯಿಂದ ಬಂದ ದಂಡು ಅದು. ಸಮುದ್ರಮಟ್ಟಕ್ಕಿಂತ ಸಾವಿರ ಅಡಿಗೂ ಕೆಳಗಿನ ಆ ಬಾಣಲೆಯಲ್ಲಿ ಧೂಳು, ಚೇಳು, ಮಲೇರಿಯಾ. ಜ್ವರದಿಂದ ಮಲಗಿದ್ದನೇನೋ! ನಕ್ಷತ್ರದ ಹಿಂದೆ ಇದಾವುದೂ ಬರೆದಿಲ್ಲ. ಈಟಿ ಮುಂದೆ ಚಾಚಿ ಹೈಫಾಕ್ಕೆ ನುಗ್ಗುವ ಮುತ್ತಾತನ ಚಿತ್ರ ನಾನು ಬೆಂಗಳೂರಿನಿಂದ ತಂದದ್ದು. ಕಿಶೋನ್ ದಡದಲ್ಲಿ ಅದನ್ನು ಕೆಳಗಿಟ್ಟೆ. ಎಂಟು ಕುದುರೆಗಳ ಲಗಾಮು ಕೈಗೆ ಸುತ್ತಿಕೊಂಡು, ಶೆಲ್ ಸಿಡಿದಾಗಲೆಲ್ಲ ಅವುಗಳ ಕಿವಿಯ ಹತ್ತಿರ ಮೂರು ಭಾಷೆಯಲ್ಲೂ ಏನೋ ಹೇಳುತ್ತಾ ನಿಂತ ಸವಾರನೇ ನನಗೆ ಹೆಚ್ಚು ಗುರುತಿನವನಂತೆ ಕಂಡ.

ಸಂಜೆ ವಾದಿ ನಿಸ್ನಾಸ್ ಎಂಬ ಹಳೆಯ ಅರಬ್ ಕೇರಿಯಲ್ಲಿ ಕಾಫಿಪುಡಿ, ಮಸಾಲೆ ಮಾರುವ ಅಂಗಡಿಗೆ ಹೋದೆ. ಯಜಮಾನರಿಗೆ ಎಂಬತ್ತರ ಹತ್ತಿರ. ಎಲ್ಲಿಂದ ಬಂದೆ, ಯಾಕೆ ಬಂದೆ ಎಂದು ವಿಚಾರಿಸಿ, ಏಲಕ್ಕಿ ಹಾಕಿದ ಕಪ್ಪು ಕಾಫಿ ಬಸಿದುಕೊಟ್ಟರು. ಮುತ್ತಾತನ ಕತೆ ಹೇಳಿದೆ. ಪೂರ್ತಿ ಕೇಳಿ, "ನಮ್ಮ ಅಜ್ಜ ಆ ಕಡೆ ಇದ್ದ" ಎಂದರು.

ಅವರಲ್ಲಿ ಆ ಯುದ್ಧಕ್ಕೆ ಸಫರ್‌ಬರ್ಲಿಕ್ ಎನ್ನುತ್ತಾರೆ. ತುರ್ಕಿ ಸುಲ್ತಾನನ ಸರ್ಕಾರ ಊರೂರಿನ ಗಂಡಸರನ್ನು ದಂಡಿಗೆ ಎಳೆದೊಯ್ದ ಕಾಲಕ್ಕೆ ಜನ ಇಟ್ಟುಕೊಂಡ ಹೆಸರು. 1915ರಲ್ಲಿ ಪ್ಯಾಲೆಸ್ಟೈನನ್ನೆಲ್ಲ ಮಿಡತೆ ಮೇಯ್ದುಹೋಯಿತು. ಹೊಲದಲ್ಲಿ ಬೆಳೆಯಿಲ್ಲ, ಮನೆಯಲ್ಲಿ ಗಂಡಸಿಲ್ಲ. ಅವರ ಅಜ್ಜ ಹೋದವರು ಬರಲೇ ಇಲ್ಲ. ಎಲ್ಲಿ ಸತ್ತರು ಎಂಬ ಸುದ್ದಿಯೂ ಬರಲಿಲ್ಲ. "ಅಜ್ಜಿ ಸಾಯೋವರೆಗೂ ರಾತ್ರಿ ಬಾಗಿಲ ಅಗಳಿ ಹಾಕಲಿಲ್ಲ" ಎಂದರು. ಸುಲ್ತಾನನ ಯುದ್ಧಕ್ಕೆ ಒಬ್ಬ ಅರಬ್ ರೈತ, ಇಂಗ್ಲೆಂಡಿನ ದೊರೆಯ ಯುದ್ಧಕ್ಕೆ ಬೆಂಗಳೂರಿನ ಒಬ್ಬ ಮರಾಠ. ಆ ರೈತನ ಖಲೀಫನ ಸೈನ್ಯದ ಮೇಲೆ ಈಟಿ ಎತ್ತಿದವರಲ್ಲಿ ಮೈಸೂರು, ಹೈದರಾಬಾದಿನ ಮುಸಲ್ಮಾನ ಸವಾರರೂ ಇದ್ದರು. ಹೈಫಾ ಗೆದ್ದಾಗ ಆ ಊರಿನ ಮುಂದಿನ ನೂರು ವರ್ಷ ಹೇಗಿರುತ್ತದೆಂದು ನಮ್ಮ ಸವಾರರಿಗೆ ಗೊತ್ತಿರಲಿಲ್ಲ. ಗೆಲ್ಲಿಸಿಕೊಂಡವರಿಗೂ ಪೂರ್ತಿ ಗೊತ್ತಿತ್ತೆಂದು ನನಗನಿಸುವುದಿಲ್ಲ. ಕಾಫಿಗೆ ದುಡ್ಡು ಕೊಡಹೋದರೆ ಅವರು ತೆಗೆದುಕೊಳ್ಳಲಿಲ್ಲ. ಕಾಲು ಕಿಲೋ ಪುಡಿ ಕೊಂಡೆ, ಅದಕ್ಕೆ ಸರಿಯಾಗಿ ತೆಗೆದುಕೊಂಡರು.

ಹೊರಗೆ ಬಂದು ಬೆಟ್ಟ ಹತ್ತುವ ಕಾರ್ಮೆಲಿಟ್ ಸುರಂಗದ ಗಾಡಿಯಲ್ಲಿ ಮೇಲೆ ಹೋದೆ. ಮುತ್ತಾತನ ಗೆಳೆಯರ ಕುದುರೆಗಳು ಕುಸಿದ ಬೆಟ್ಟವನ್ನು ಕೆಲವೇ ನಿಮಿಷದಲ್ಲಿ ಹತ್ತಿ, ಮೇಲಿನಿಂದ ಕೊಲ್ಲಿಯ ದೀಪಗಳನ್ನು ನೋಡುತ್ತಾ ನಿಂತೆ. ಒಳ್ಳೆಯ ಊರು. ಆದರೆ ಆ ಸವಾರ ಮಿಕ್ಕ ಊರುಗಳನ್ನೆಲ್ಲ ಬಿಟ್ಟು ಇದನ್ನೇ ಯಾಕೆ ಮನೆಗೆ ಒಯ್ದ ಎಂಬುದಕ್ಕೆ ಅಲ್ಲೂ ಉತ್ತರ ಸಿಗಲಿಲ್ಲ. ದೊಡ್ಡಪ್ಪನಿಗೆ ಒಂದು ಹಿಡಿ ಮಣ್ಣು ಕಾಗದದಲ್ಲಿ ಕಟ್ಟಿಕೊಂಡು ವಾಪಸಾದೆ.

* * *

ಉತ್ತರ ಸಿಕ್ಕಿದ್ದು ಬೆಂಗಳೂರಿನಲ್ಲಿ, ಫೋನಿನ ಮೇಲೆ, ಮುಂದಿನ ವರ್ಷದ ಏಪ್ರಿಲ್ಲಿನಲ್ಲಿ. ಲಾಕ್‌ಡೌನ್. ಬೀದಿಯಲ್ಲಿ ನರಪಿಳ್ಳೆಯಿಲ್ಲ. ದಿನಾ ಸಂಜೆ ದೊಡ್ಡಪ್ಪನಿಗೆ ಫೋನು ಮಾಡುತ್ತಿದ್ದೆ. ಒಂದು ದಿನ ಅವರು ಮಲಗಿದ್ದರು, ದೊಡ್ಡಮ್ಮ ಎತ್ತಿಕೊಂಡರು. ಕೊರೊನಾ ಮಾತು ಬಂತು.

"ನಮ್ಮನೇಲಿ ಹಿಂದೆ ಒಂದ್ಸಲ ಹೀಗೇ ಆಗಿತ್ತಂತಲ್ಲ" ಎಂದರು. "ಬೊಂಬಾಯಿ ಜ್ವರ. ಮುತ್ತಜ್ಜಿ ಮಗು ಹೋಗಿದ್ದು ಅದರಲ್ಲೇ."

"ಯಾವ ಮಗು?"

ದೊಡ್ಡಮ್ಮ ಒಂದು ಕ್ಷಣ ಸುಮ್ಮನಾದರು. "ನಿಂಗೊತ್ತಿಲ್ವಾ? ನಮ್ಮತ್ತೆ ನಂಗೆ ಹೇಳಿದ್ದರು. ಅವರಿಗೆ ಅವರತ್ತೆ ಹೇಳಿದ್ದು."

ಯುದ್ಧದ ಕತೆ ನಮ್ಮ ಮನೆಯಲ್ಲಿ ಗಂಡಸರಿಂದ ಗಂಡಸರಿಗೆ ಬಂದಿತ್ತು, ಬರುತ್ತಾ ರಿಸಾಲ್ದಾರನ ದರ್ಜೆಗೆ ಏರಿತ್ತು. ಇದು ಸೊಸೆಯಿಂದ ಸೊಸೆಗೆ, ಅಡುಗೆಮನೆಯಲ್ಲಿ, ಬಂದಷ್ಟೇ ಬಂದಿತ್ತು.

ಮುತ್ತಾತ ಹಡಗು ಹತ್ತಿದಾಗ ಮುತ್ತಜ್ಜಿಗೆ ಆರು ತಿಂಗಳು. ಮರುವರ್ಷದ ಸಂಕ್ರಾಂತಿಯ ಸುಮಾರಿಗೆ ಹೆಣ್ಣುಮಗು ಹುಟ್ಟಿತು. ಲೈನಿನ ಮುನ್ಶಿಯ ಕೈಲಿ ಉರ್ದುವಿನಲ್ಲಿ ಕಾಗದ ಬರೆಸಿದಳು. ಮಗು ನಡೆಯಿತು, ಮಾತಾಡಿತು, ಕುದುರೆ ಕಂಡರೆ "ಅಪ್ಪ" ಎನ್ನುತ್ತದೆ ಎಂದೂ ಬರೆಸಿದಳು. ಪದಾರ್ಥಗಳ ಬೆಲೆ ಏರಿದ್ದನ್ನು ಬರೆಸಲಿಲ್ಲ. 1918ರ ಮಳೆಗಾಲ ಮುಗಿಯುವ ಹೊತ್ತಿಗೆ ಆ ಜ್ವರ ಬೆಂಗಳೂರಿಗೆ ಬಂತು. ಜಗತ್ತೆಲ್ಲ ಸುತ್ತಿದ ಇನ್‌ಫ್ಲುಯೆಂಜಾದ ಎರಡನೆಯ, ಕೆಟ್ಟ ಅಲೆ. ಬೀದಿಬೀದಿಯಲ್ಲಿ ಗಂಜಿ ಹಂಚುತ್ತಿದ್ದರಂತೆ, ಒಲೆ ಹಚ್ಚುವವರೂ ಮಲಗಿದ್ದರಿಂದ. ಮುತ್ತಜ್ಜಿ ಅಣ್ಣಮ್ಮನಿಗೆ ಹರಕೆ ಹೊತ್ತಳು. ದಸರಾ ಕಳೆದು ದೀಪಾವಳಿ ಬರುವುದರೊಳಗೆ ಮಗು ಹೋಯಿತು. ನಾಲ್ಕು ವರ್ಷವೂ ತುಂಬಿರಲಿಲ್ಲ.

ಈ ಕಾಗದ ಮಾತ್ರ ಅವಳು ಬರೆಸಲಿಲ್ಲ. "ಅಷ್ಟು ದೂರದಲ್ಲಿರೋನಿಗೆ ಹೇಳಿ ಏನು ಮಾಡೋದು ಅಂದ್ಕೊಂಡಳಂತೆ. ಬಂದ ಮೇಲೇ ಹೇಳಿದ್ದು." ರಿಸಾಲ ತಿರುಗಿ ಬಂದದ್ದು 1920ರಲ್ಲಿ. ಒಂದು ವರ್ಷಕ್ಕೂ ಮೇಲೆ ಅವನು ಆ ಮರಳಿನಲ್ಲಿ, ಇಲ್ಲದ ಮಗಳ ತಂದೆಯಾಗಿ ಇದ್ದ.

ನಾನು ದಿನಗಳನ್ನು ಲೆಕ್ಕ ಹಾಕುತ್ತಿದ್ದೆ. ಹೈಫಾ, ಸೆಪ್ಟೆಂಬರ್ 23. ಅಲ್ಲಿಂದ ಆ ದಂಡು ದಮಾಸ್ಕಸ್ ದಾರಿ ಹಿಡಿದು ಅಲೆಪ್ಪೊವರೆಗೆ ಸಾಗಿತು; ಹೈಫಾಕ್ಕೂ ಮುಂಚೆ ದಾಳಿ ಶುರುವಾದ ದಿನದಿಂದ ಹಿಡಿದರೆ ಸುಮಾರು 38 ದಿನಗಳಲ್ಲಿ 500 ಮೈಲಿಗೂ ಹೆಚ್ಚು. ಅಕ್ಟೋಬರ್ 26ರಂದು ಅಲೆಪ್ಪೊ ಆಚೆ ಹರಿತಾನ್‌ನಲ್ಲಿ ಮುಸ್ತಫಾ ಕೆಮಾಲನ ಪಡೆಯ ಮೇಲೆ ಜೋಧಪುರ, ಮೈಸೂರಿನವರು ಕೊನೆಯ ಸಲ ನುಗ್ಗಿದರು. ಅದೇ ತಿಂಗಳ ಕೊನೆಗೆ ತುರ್ಕರೊಂದಿಗೆ ಕದನವಿರಾಮ. ಆ ವರ್ಷದ ದಸರೆಗೂ ದೀಪಾವಳಿಗೂ ನಡುವಿನ ದಿನಗಳವು.

"ದೊಡ್ಡಮ್ಮಾ, ಕುದುರೆಗೆ ಆ ಹೆಸರು ಯಾಕಿಟ್ಟರು ಅಂತ ಏನಾದ್ರೂ…"

"ಅದೇ ತಾನೇ ಹೇಳ್ತಿರೋದು. ಮಗು ಯಾವತ್ತು ಹೋಯ್ತು ಅಂತ ಕೇಳಿ, ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದ್ದರಂತೆ. ಆಮೇಲೆ 'ಹೈಫಾ ದಿನ ಇತ್ತು' ಅಂದರಂತೆ. ಅಷ್ಟೇ. ಮುಂದೆ ಕುದುರೆ ತಂದಾಗ ಅದೇ ಹೆಸರು ಇಟ್ಟರು. ಮುತ್ತಜ್ಜಿ ಮಾತ್ರ ಆ ಕುದುರೇನ ಒಂದಿನಾನೂ ಹೆಸರು ಹಿಡಿದು ಕರೀಲಿಲ್ಲ. 'ಕುದುರೆ' ಅಂತಲೇ ಅನ್ನೋರು."

ಕಾರ್ಮೆಲ್ ಬೆಟ್ಟದ ಮೇಲೆ ನಿಂತು ನಾನು ಹುಡುಕಿದ್ದು ಗೆದ್ದ ಊರನ್ನು. ಅವನು ಮನೆಗೆ ತಂದದ್ದು ಮಗಳು ಬದುಕಿದ್ದಾಗಿನ ಕೊನೆಯ ಊರನ್ನು. ಮೂರು ಕುದುರೆಗಳ ಮೇಲೆ, ಮೂವತ್ತು ವರ್ಷ, ಅದನ್ನು ಕರೆಯುತ್ತಾ ಬಂದ.

ಮಾತು ಮುಗಿಸುವ ಮುಂಚೆ ದೊಡ್ಡಮ್ಮ ಇನ್ನೊಂದು ಹೇಳಿದರು. ಬೆಳ್ಳಿ ಪದಕ ಮಾರ್ವಾಡಿ ಅಂಗಡಿಗೆ ಹೋಗಿರಲೇ ಇಲ್ಲ. 1921ರಲ್ಲಿ ನಮ್ಮ ತಾತ ಹುಟ್ಟಿದಾಗ ಮುತ್ತಜ್ಜಿ ಆ ಬಟ್ಟೆ ಇಲ್ಲದ ಸವಾರನನ್ನು ಅಕ್ಕಸಾಲಿಯ ಕೈಗೆ ಕೊಟ್ಟು ಕರಗಿಸಿದಳು. ಎರಡೂವರೆ ತೊಲ ಬೆಳ್ಳಿ. ಅದರಲ್ಲಿ ಮಗುವಿಗೆ ಉಡಿದಾರ ಮಾಡಿಸಿದಳು. ಗಂಡನನ್ನು ಒಂದೇ ಮಾತು ಕೇಳಿದ್ದಳಂತೆ, ಅವನು ತಲೆಯಾಡಿಸಿದ್ದನಂತೆ. ಸರ್ಕಾರ ಕೊಟ್ಟ ಪದಕ ಕರಗಿಸಿದ್ದು ಹೊರಗೆ ಗೊತ್ತಾಗಬಾರದೆಂದು ಅಡವಿಟ್ಟ ಕತೆ ಕಟ್ಟಿದರು. ಗಂಡಸರು ಅದನ್ನೇ ನಂಬಿಕೊಂಡು ಬಂದರು.

ಮಳೆಗಾಲ ಶುರುವಾಗಿ ಓಡಾಟ ಸಲೀಸಾದ ಮೇಲೆ ದೊಡ್ಡಪ್ಪನ ಮನೆಗೆ ಹೋದೆ. ಹೈಫಾದ ಮಣ್ಣು ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಕೂತಿತ್ತು. ದೊಡ್ಡಮ್ಮ ಬೀರುವಿನಿಂದ ಒಂದು ಬಟ್ಟೆಗಂಟು ತೆಗೆದು ನನ್ನ ಅಂಗೈಗೆ ಹಾಕಿದರು. ಕಪ್ಪಗಾದ ಬೆಳ್ಳಿ ಎಳೆ, ಒಂದು ಕಡೆ ಕೊಂಡಿ, ಮಗು ಬೆಳೆದಂತೆ ಹಿಗ್ಗಿಸಲು ಅಲ್ಲಲ್ಲಿ ಸೇರಿಸಿದ ಬಳೆಗಳು. ತಾತ ಉಟ್ಟದ್ದು, ದೊಡ್ಡಪ್ಪ ಉಟ್ಟದ್ದು, ಅಪ್ಪ ಉಟ್ಟದ್ದು.

"ನೀನೂ ಉಟ್ಟಿದ್ದೀಯ" ಎಂದರು.

ಮನೆಗೆ ಬಂದು ಹಳೆಯ ಆಲ್ಬಂ ತೆಗೆದೆ. ಸ್ಟುಡಿಯೋದ ದಿಂಬಿನ ಮೇಲೆ ಬೋರಲು ಬಿದ್ದು ತಲೆಯೆತ್ತಿ ನೋಡುತ್ತಿರುವ ಆರು ತಿಂಗಳ ನಾನು. ಸೊಂಟದಲ್ಲಿ ಆ ಬೆಳ್ಳಿ ಎಳೆ. ಮೈಮೇಲೆ ಬೇರೇನೂ ಇಲ್ಲ.